ಗಿಡ್ಡಿಗೆ ಕೆಂಪು ಕಾಲು ಬಂದದ್ದು

ಲೋಕಕ್ಕೆ ಇನ್ನೂ ಹೊಸ ಬಟ್ಟೆಯ ವಾಸನೆ ಇತ್ತು. ಗುಡ್ಡಗಳು ಎಲ್ಲಿ ಕೂರಬೇಕೆಂದು ಜಾಗ ನೋಡಿಕೊಳ್ಳುತ್ತಿದ್ದವು. ಹಳ್ಳಗಳು ಯಾವ ಕಡೆ ಹರಿಯಬೇಕೆಂದು ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತಿದ್ದವು. ಆಮೆ ಆಗತಾನೇ ಚಿಪ್ಪು ಹಾಕಿಕೊಂಡು, "ಬೆನ್ನಿಗೆ ಸರಿ ಹೋಯ್ತಾ? ಒಸಿ ದೊಡ್ಡದಾಯ್ತಾ?" ಎಂದು ಎಲ್ಲರ ಮುಂದೆಯೂ ತಿರುಗಿ ತಿರುಗಿ ತೋರಿಸುತ್ತಿತ್ತು.

ಆ ಕಾಲದ ಕತೆ ಇದು. ನನಗೆ ಹೇಳಿದವಳು ನನ್ನಜ್ಜಿ ಹೊನ್ನಾಜಮ್ಮ. ಅಜ್ಜಿ ಕೆರೆಯಲ್ಲಿ ಜೊಂಡುಹುಲ್ಲು ಕೊಯ್ದು ತಂದು ಚಾಪೆ ಹೆಣೆಯುತ್ತಿದ್ದಳು. ಕತೆ ಹೇಳು ಎಂದರೆ ಮೊದಲು ಅವಳ ಬಾಯಿಗೆ ಎಲೆಅಡಿಕೆ ಬೀಳಬೇಕಿತ್ತು. ಎಲೆಗೆ ಸುಣ್ಣ ಸವರಿ, ಮಡಚಿ, ದವಡೆಗೆ ಸೇರಿಸಿದ ಮೇಲೇ ಕತೆ ಹೊರಗೆ ಬರುತ್ತಿತ್ತು. ಬೇರೆ ಕತೆಗಳನ್ನು ಬಾಯಿ ಬರಿದಿಟ್ಟುಕೊಂಡೂ ಹೇಳಬಹುದೇನೋ, ಈ ಕತೆಗಂತೂ ಎಲೆಅಡಿಕೆ ಬೇಕೇ ಬೇಕು. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಆಗ ಕೆರೆಯಮ್ಮನೂ ಹೊಸಬಳು. ಎರಡು ಗುಡ್ಡಗಳ ನಡುವೆ ಜಾಗ ಹಿಡಿದು ಕೂತಿದ್ದಳು. ಮಡಿಲೇನೋ ಅಗಲವಾಗಿತ್ತು, ಮಡಿಲಲ್ಲಿ ನೀರು ಮಾತ್ರ ಒಂದು ಬೊಗಸೆ. ನಡುವೆ ಒಂದು ಪುಟ್ಟ ಗುಂಡಿ, ಅದರ ಸುತ್ತ ಕೆಸರು, ಅಷ್ಟೇ. ಮಳೆಯಪ್ಪ ಆ ಕಡೆಗೆ ಇನ್ನೂ ಒಂದು ಸಲವೂ ಬಂದಿರಲಿಲ್ಲ. ಹಾಗಾಗಿ ತುಂಬಿದ ಕೆರೆ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೆರೆಯಮ್ಮನಿಗೇ ಗೊತ್ತಿರಲಿಲ್ಲ.

"ಒಂದೇ ಒಂದ್ಸಲ ತುಂಬಿ ನೋಡ್ಬೇಕು ಕಣ್ರೋ," ಎಂದು ಅವಳು ದಿನಾ ಹೇಳುತ್ತಿದ್ದಳು. "ಈ ಗುಡ್ಡದಿಂದ ಆ ಗುಡ್ಡಕ್ಕೆ ನೀರು. ಆಕಾಶ ಬಂದು ನನ್ನ ಮಡ್ಲಲ್ಲಿ ಮುಖ ನೋಡ್ಕೋಬೇಕು."

"ತುಂಬ್ತೀಯ ತಗೋ ಕೆರೆಯಮ್ಮ," ಎಂದು ಎಲ್ಲರೂ ಹೇಳುತ್ತಿದ್ದರು.

ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಗಿಡ್ಡಿ. ಗಿಡ್ಡಿ ಒಂದು ಹಕ್ಕಿ. ಮೈ ಬೆಳ್ಳಗೆ, ರೆಕ್ಕೆ ಕಪ್ಪಗೆ, ಕೊಕ್ಕು ದಬ್ಬಣದ ಹಾಗೆ ಸಣ್ಣಗೆ, ನೇರವಾಗಿ. ಕಾಲು ಮಾತ್ರ ಬೆರಳುದ್ದ. ನಡೆದರೆ ಹೊಟ್ಟೆ ಕೆಸರು ಗುಡಿಸುತ್ತಿತ್ತು. ಅವಳ ಗಂಡನಿಗೂ ಅಷ್ಟೇ ಕಾಲು, ಅವನ ಹೆಸರು ಗಿಡ್ಡ.

"ಏನ್ ಗಿಡ್ಡಿ, ಕಾಲು ಮನೇಲಿ ಮರ್ತು ಬಂದ್ಯಾ?" ಎಂದು ಬಾತುಕೋಳಿ ರೇಗಿಸುತ್ತಿತ್ತು.

"ಗಿಡ್ಡ ಆದ್ರೇನು, ನೆಲಕ್ಕೆ ಮುಟ್ತಾವಲ್ಲ, ಸಾಕು ಬಿಡು," ಎಂದು ಗಿಡ್ಡಿ ನಗುತ್ತಾ ಹೋಗುತ್ತಿದ್ದಳು. ಮನಸ್ಸಿಗೆ ಹಚ್ಚಿಕೊಳ್ಳುವ ಜಾತಿಯಲ್ಲ ಅವಳು.

ಗುಂಡಿಯ ಪಕ್ಕದಲ್ಲಿ ಒಂದು ಕೆಸರುಗುಡ್ಡೆ ಇತ್ತು. ಅದರ ಮೇಲೆ ನಾಲ್ಕು ಕಡ್ಡಿ ಇಟ್ಟು ಗಿಡ್ಡಿ ಗೂಡು ಮಾಡಿದ್ದಳು. ಗೂಡಿನಲ್ಲಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಲೋಕದಲ್ಲಿ ಅವಳ ಜಾತಿಗೆ ಅವೇ ಮೊದಲ ಮೊಟ್ಟೆಗಳು. ಒಂದು ಹೊತ್ತು ಅವಳು ಕೂತರೆ ಇನ್ನೊಂದು ಹೊತ್ತು ಗಿಡ್ಡ ಕೂರುತ್ತಿದ್ದ. ಒಳಗಿನಿಂದ ಆಗಲೇ ಟಿಕ್ ಟಿಕ್ ಎಂದು ಸದ್ದು ಕೇಳಿಸುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕಿವಿಯಿಟ್ಟು ಕೇಳಿ ಕೇಳಿ ಖುಷಿಪಡುತ್ತಿದ್ದರು.

ಒಂದು ಮಧ್ಯಾಹ್ನ ಗಾಳಿ ಎದ್ದೂಬಿದ್ದೂ ಓಡಿ ಬಂದ.

"ಬಂದ್ರು ಕಣ್ರೋ! ಮಳೆಯಪ್ಪ ಬಂದ್ರು! ಆ ಗುಡ್ಡದ ಹಿಂದೇನೇ ಅವ್ರೆ!"

ಹಿಂದೆಯೇ ಮಳೆ ಬಂತು. ಮೊದಲು ಒಂದು ದಪ್ಪ ಹನಿ, ಆಮೇಲೆ ಹತ್ತು, ಆಮೇಲೆ ಎಣಿಸುವವರೇ ಇಲ್ಲ. ಕಪ್ಪೆ ಗಂಡುಗಳು ಮೈಗೆಲ್ಲ ಅರಿಸಿನ ಬಳಿದುಕೊಂಡು ಮದುವೆಗಂಡುಗಳ ಹಾಗೆ ಹೊರಗೆ ಬಂದವು. "ವಟ ವಟ, ತುಂಬಲಿ ತುಂಬಲಿ! ವಟ ವಟ, ಕೆರೆ ತುಂಬಲಿ!" ಎಂದು ಒಂದೇ ಸಮನೆ ಹಾಡಿದವು. ದಾರಿ ಗೊತ್ತಿಲ್ಲದೆ ನಿಂತಿದ್ದ ಹಳ್ಳಗಳಿಗೆಲ್ಲ ದಾರಿ ಗೊತ್ತಾಯಿತು. ಎಲ್ಲವೂ ಕೆರೆಯಮ್ಮನ ಕಡೆಗೇ ಓಡಿ ಬಂದವು. ಗಿಡ್ಡಿಯೂ ಕುಣಿದಳು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳೇ.

ನೀರು ಒಂದು ಬೆರಳು ಏರಿತು. ಕೆರೆಯಮ್ಮ ನಕ್ಕಳು.

ನೀರು ಎರಡು ಬೆರಳು ಏರಿತು. ಕೆರೆಯಮ್ಮ ಇನ್ನೂ ನಕ್ಕಳು.

ನೀರು ಮೂರು ಬೆರಳು ಏರಿತು. ಆಗ ಗೂಡಿನ ಮೇಲೆ ಕೂತಿದ್ದ ಗಿಡ್ಡ ಕೂಗಿದ. "ಏ ಇವಳೇ! ಕುಣಿದಿದ್ದು ಸಾಕು, ಒಸಿ ಬಾ ಇಲ್ಲಿ. ಹೊಟ್ಟೆ ಕೆಳಗೆ ತಣ್ಣಗಾಗ್ತಾ ಐತೆ!"

ಗಿಡ್ಡಿ ಬಂದು ನೋಡಿದಳು. ಕೆಸರುಗುಡ್ಡೆ ಅರ್ಧ ಮುಳುಗಿತ್ತು. ಮೊಟ್ಟೆಗಳಿಗೂ ನೀರಿಗೂ ನಡುವೆ ಉಳಿದದ್ದು ಎರಡೇ ಬೆರಳು.

ಗೂಡಿನ ಸುತ್ತ ಸಿಕ್ಕಿದ ಕಡ್ಡಿಯನ್ನೆಲ್ಲ ಎತ್ತಿ ಮೊಟ್ಟೆಯ ಕೆಳಗೆ ತುರುಕಿದಳು. ಗೂಡು ಒಂದು ಬೆರಳು ಎದ್ದಿತು, ನೀರೂ ಒಂದು ಬೆರಳು ಎದ್ದಿತು. ದಡಕ್ಕೆ ಹಾರಿ ಒಣಹುಲ್ಲು ಕಚ್ಚಿ ತಂದಳು. ಅದು ಹಗುರ, ಇಟ್ಟ ಕೂಡಲೇ ತೇಲಿ ಹೋಯಿತು. ಗೂಡು ನಿಲ್ಲಬೇಕಾದರೆ ತೂಕವಿರುವುದು ಬೇಕು. ತಳದ ಕೆಸರು, ನೆನೆದ ಬೇರು, ಕಲ್ಲಿನ ಚೂರು. ಅವೆಲ್ಲ ಇದ್ದದ್ದು ನೀರಿನ ಅಡಿಯಲ್ಲಿ.

ಗಿಡ್ಡಿ ನೀರಿಗಿಳಿದಳು. ಎರಡು ಹೆಜ್ಜೆಗೆ ಹೊಟ್ಟೆ ಮುಳುಗಿತು, ನಾಲ್ಕು ಹೆಜ್ಜೆಗೆ ಕುತ್ತಿಗೆ ಮುಳುಗಿತು, ಐದನೇ ಹೆಜ್ಜೆಗೆ ನೆಲವೇ ಸಿಗಲಿಲ್ಲ. ಬಾತುಕೋಳಿಯ ಹಾಗೆ ಈಜಲು ಬಾರದು. ಬುಳುಕ್ಕನೆ ಮುಳುಗಿ, ಮೂಗಿಗೆಲ್ಲ ನೀರು ಹೋಗಿ, ಕೆಮ್ಮುತ್ತಾ ಮೇಲೆ ಬಂದಳು. ಮತ್ತೆ ಇಳಿದಳು. ಮತ್ತೆ ಬುಳುಕ್. ಮೊಟ್ಟೆಗಳನ್ನೇ ಕಚ್ಚಿಕೊಂಡು ಹೋಗೋಣವೆಂದರೆ ದಬ್ಬಣದಂಥ ಕೊಕ್ಕಿನಲ್ಲಿ ಮೊಟ್ಟೆ ನಿಲ್ಲುವುದೆಲ್ಲಿ?

"ಹೋಗ್ಲಿ ಬಿಡಮ್ಮ," ಎಂದಿತು ತೇಲುತ್ತಾ ಬಂದ ಬಾತುಕೋಳಿ. "ಇನ್ನೊಂದ್ಸಲ ಇಡೀವಂತೆ."

"ನಿನ್ನ ಮೊಟ್ಟೆಗೆ ಯಾರಾದ್ರೂ ಹಂಗಂದ್ರೆ ಸುಮ್ನಿರ್ತೀಯಾ?" ಎಂದಳು ಗಿಡ್ಡಿ. ಯಾವತ್ತೂ ಕೋಪ ಮಾಡಿಕೊಳ್ಳದವಳು ಅಂದು ಕೋಪ ಮಾಡಿಕೊಂಡಳು. ಬಾತುಕೋಳಿ ತಲೆ ತಗ್ಗಿಸಿತು.

ಗಿಡ್ಡಿ ಕೆರೆಯಮ್ಮನನ್ನು ಕೂಗಿದಳು. "ಕೆರೆಯಮ್ಮಾ! ನನ್ನ ಮೊಟ್ಟೆ ಮುಳುಗ್ತಾವಲ್ಲಮ್ಮ!"

ಕೆರೆಯಮ್ಮನ ನಗು ನಿಂತಿತು. "ಅಯ್ಯೋ ನನ್ನವ್ವ, ನಾನು ನೋಡ್ಲೇ ಇಲ್ವಲ್ಲೇ! ಏನ್ಮಾಡ್ಲಿ? ಬರೋ ನೀರನ್ನ ಬೇಡ ಅನ್ನೋಕೆ ನನಗೆ ಬಾಗ್ಲಿಲ್ಲ. ಮಳೆಯಪ್ಪಂಗೆ ಹೇಳಿ ಕಳಿಸ್ಲಾ? ನಾನು ತುಂಬೋದು ಬೇಡ, ವಾಪಸ್ ಹೋಗಿ ಅಂತ ಹೇಳ್ಲಾ?"

ಗಿಡ್ಡಿ ಸುತ್ತ ನೋಡಿದಳು. ಬಿರುಕು ಬಿಟ್ಟ ನೆಲವೆಲ್ಲ ನೀರು ಕುಡಿಯುತ್ತಿತ್ತು. ಗುಂಡಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದ ಮೀನುಗಳು ಈಗ ಮೈ ಬಿಚ್ಚಿ ಓಡಾಡುತ್ತಿದ್ದವು. ಕೆರೆಯಮ್ಮ ಎಷ್ಟು ದಿನದಿಂದ ಕಾದಿದ್ದಳೆಂದು ಅವಳಿಗೆ ಗೊತ್ತಿತ್ತು.

"ಬೇಡ ಕೆರೆಯಮ್ಮ. ನೀನು ತುಂಬು," ಎಂದಳು. "ನೀರು ಕಮ್ಮಿ ಮಾಡು ಅಂತ ನಾನು ಕೇಳಲ್ಲ. ನನಗೆ ಒಂಚೂರು ಉದ್ದದ ಕಾಲು ಕೊಡ್ಸು. ಗೂಡು ನಾನೇ ಎತ್ತಿಕೊಳ್ತೀನಿ."

ಕೆರೆಯಮ್ಮನಿಗೆ ಒಂದು ಉಪಾಯ ಹೊಳೆಯಿತು. "ನೈದಿಲಕ್ಕನ್ನ ಕೇಳು. ನೀರು ಎಷ್ಟು ಏರಿದ್ರೂ ಹೆದರದೇ ಇರೋಳು ಅವಳೊಬ್ಳೇ."

ನೈದಿಲೆ ನಿಜಕ್ಕೂ ಹೆದರಿರಲಿಲ್ಲ. ನೀರು ಒಂದು ಬೆರಳು ಏರಿದರೆ ಅವಳ ದಂಟೂ ಒಂದು ಬೆರಳು ಏರುತ್ತಿತ್ತು. ಹೂವಿನ ಮುಖ ಸದಾ ನೀರಿನ ಮೇಲೇ. ಗಿಡ್ಡಿಯ ಮಾತು ಕೇಳಿ ಅವಳು ತನ್ನ ಎರಡು ಗಟ್ಟಿ ದಂಟುಗಳನ್ನು ಬಗ್ಗಿಸಿ ಮುಂದಿಟ್ಟಳು. ಎರಡರ ತುದಿಯಲ್ಲೂ ಮೊಗ್ಗಿತ್ತು.

"ಮೊಗ್ಗು ಹೋಗ್ತಾವಲ್ಲಕ್ಕ," ಎಂದಳು ಗಿಡ್ಡಿ.

"ಹೋಗ್ಲಿ ಕಣೇ. ಮೊಗ್ಗು ನಾಳೆ ಬೇರೆ ಬಿಡ್ತೀನಿ. ನಿನ್ನ ಮೊಟ್ಟೆ ನಾಳೆ ಬರ್ತಾವಾ? ಮುರ್ಕೋ."

ಇಲ್ಲಿ ನಾನು ಅಜ್ಜಿಯನ್ನು ತಡೆಯುತ್ತಿದ್ದೆ. "ಅಜ್ಜಿ, ನೈದಿಲೆ ದಂಟು ಬಳುಕುತ್ತಲ್ಲ? ಅದರ ಮೇಲೆ ನಿಲ್ಲೋದು ಹೆಂಗೆ?"

"ಈಗ ಬಳುಕ್ತದೆ," ಎನ್ನುತ್ತಿದ್ದಳು ಅಜ್ಜಿ. "ಗಟ್ಟಿ ದಂಟೆಲ್ಲ ಅವತ್ತೇ ಕೊಟ್ಬಿಟ್ಲಲ್ಲ, ಇನ್ನೆಲ್ಲಿಂದ ತರ್ತಾಳೆ? ಸುಮ್ನೆ ಕೇಳು."

ದಂಟೇನೋ ಸಿಕ್ಕಿತು. ಅದನ್ನು ಕಾಲಿಗೆ ಕಟ್ಟುವವರು ಯಾರು? ಕಟ್ಟುವ ಕೆಲಸ ಎಂದರೆ ಗೀಜಗ. ದಡದ ಈಚಲು ಮರದಲ್ಲಿ ಅವನು ಗೂಡು ನೇಯುತ್ತಿದ್ದ. ಗೀಜಗ ಗೂಡು ನೇಯುವುದನ್ನು ನೀವು ನೋಡಿದ್ದೀರಲ್ಲ, ಗರಿಗೆ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ತೂಗುತ್ತಲೇ ಅವನ ಕೆಲಸ. ತಲೆ ಮೇಲಾದರೆ ಅವನಿಗೆ ಗಂಟೇ ಬರುವುದಿಲ್ಲ.

"ಗೀಜಗಣ್ಣ, ಈ ದಂಟನ್ನ ನನ್ನ ಕಾಲಿಗೆ ಕಟ್ಟಿಕೊಡಣ್ಣ. ನನ್ನ ಮೊಟ್ಟೆ ಮುಳುಗ್ತಾ ಅವೆ."

"ಕಟ್ಟೋಣ, ಅದೇನು ಮಹಾ," ಎಂದ ಗೀಜಗ. "ನಾನು ಹಾಕಿದ ಗಂಟು ಇವತ್ತಿನವರೆಗೂ ಬಿಚ್ಚಿಲ್ಲ. ಆದ್ರೆ ಮಳೇಲಿ ಆಗಲ್ಲ ತಂಗಿ. ನೆಂದ ನಾರು ಜಾರ್ತದೆ. ಎರಡು ಗಂಟು ಹಾಕೋವಷ್ಟು ಹೊತ್ತು ಮಳೆ ನಿಲ್ಲಬೇಕು."

ಮಳೆ ನಿಲ್ಲಿಸುವುದೆಂದರೇನು ಹುಡುಗಾಟವೇ? ಆ ಕಾಲದಲ್ಲಿ ಮಳೆ ಶುರುವಾದರೆ ಮುಗಿಯುವವರೆಗೂ ಸುರಿಯುವುದೇ. ನಡುವೆ ಬಿಡುವು ಎಂಬುದೇ ಇರಲಿಲ್ಲ. ಆದರೂ ಗಾಳಿ ಗಿಡ್ಡಿಯನ್ನು ಎತ್ತಿಕೊಂಡು ಗುಡ್ಡದ ನೆತ್ತಿಗೆ ಹೋದ. ಅಲ್ಲಿ ಮಳೆಯಪ್ಪ ಕಪ್ಪು ಕಂಬಳಿ ಹೊದ್ದು, ಕೊಡದ ಮೇಲೆ ಕೊಡ ಬಗ್ಗಿಸುತ್ತಿದ್ದ.

"ನಿಲ್ಲೋದಾ?" ಎಂದು ಮಳೆಯಪ್ಪ ಗುಡುಗಿದ. "ಇಷ್ಟು ದಿನ ಬಾ ಬಾ ಅಂತ ಬಾಯಿ ಬಡ್ಕೊಂಡ್ರಿ. ಬಂದ್ರೆ ಹೋಗು ಅಂತೀರಾ?"

ಗಿಡ್ಡಿ ನಡುಗುತ್ತಿದ್ದಳು. ಆದರೂ ಬಾಯಿ ಬಿಟ್ಟಳು. "ಹೋಗು ಅಂತಿಲ್ಲ ಮಳೆಯಪ್ಪ. ಎಲ್ಲಿಂದ್ಲೋ ಅಷ್ಟು ಭಾರ ಹೊತ್ಕೊಂಡು ಬಂದಿದ್ದೀಯ. ಒಂದು ಗಳಿಗೆ ಕೂತ್ಕೊಂಡು ದಣಿವಾರಿಸ್ಕೋ ಅಂತೀನಿ. ಅಷ್ಟರಲ್ಲಿ ನನಗೆ ಕಾಲು ಬರ್ತದೆ, ನನ್ನ ಮಕ್ಳು ಉಳೀತಾವೆ. ಆಮೇಲೆ ಎಷ್ಟು ಬೇಕೋ ಅಷ್ಟು ಸುರಿ. ಕೆರೆಯಮ್ಮನ್ನ ಮಾತ್ರ ತುಂಬಿಸ್ಬುಟ್ಟೇ ಹೋಗು."

ಮಳೆಯಪ್ಪ ಕೊಡ ಕೆಳಗಿಟ್ಟ.

"ಬಂದಾಗಿಂದ ಎಲ್ರೂ ಸುರಿ ಸುರಿ ಅಂದ್ರು," ಎಂದ. ದನಿ ಮೆತ್ತಗಾಗಿತ್ತು. "ಕೂತ್ಕೋ ಅಂದೋಳು ನೀನೊಬ್ಳೇ ಕಣವ್ವ. ಬಾಯಿನೂ ಸಪ್ಪೆಯಾಗೈತೆ. ಒಂದು ಎಲೆಅಡಿಕೆ ಹಾಕೊಳ್ತೀನಿ. ಅದು ಮುಗಿಯೋವರೆಗೂ ಒಂದು ಹನಿ ಬೀಳಲ್ಲ. ಹೋಗು, ಬೇಗ ಮುಗಿಸ್ಕೋ."

ಮಳೆಯಪ್ಪ ಗುಡ್ಡದ ಮೇಲೆ ಕಾಲು ಚಾಚಿ ಕೂತು ಸಂಚಿ ಬಿಚ್ಚಿದ. ಮಳೆ ನಿಂತಿತು. ಮೋಡದ ಸಂದಿಯಿಂದ ಬಿಸಿಲು ಇಣುಕಿತು. ಕಪ್ಪೆಗಳು ಹಾಡು ನಿಲ್ಲಿಸಿ ಮೇಲೆ ನೋಡಿದವು.

ಗಿಡ್ಡಿ ಸರ್ರನೆ ಇಳಿದು ಬಂದು ಈಚಲು ಮರದ ಕೆಳಗೆ ನಿಂತಳು. ಮಳೆಯಪ್ಪ ಎಲೆಯ ತೊಟ್ಟು ಮುರಿದ. ಗೀಜಗ ನಾರು ಸೀಳಿದ. ಮಳೆಯಪ್ಪ ಸುಣ್ಣ ಸವರಿದ. ಗೀಜಗ ಒಂದು ಕಾಲಿಗೆ ದಂಟು ಕಟ್ಟಿ ಬಿಗಿದ. ಮಳೆಯಪ್ಪ ಅಡಿಕೆ ಕಟುಂ ಎನಿಸಿದ. ಗೀಜಗ ಇನ್ನೊಂದು ಕಾಲಿಗೂ ಕಟ್ಟಿ, ಮೂರು ಸುತ್ತು ಸುತ್ತಿ, ಗಂಟು ಹಾಕಿದ. ಎಲ್ಲವೂ ತಲೆಕೆಳಗಾಗಿ ತೂಗುತ್ತಲೇ.

"ಆಯ್ತು!" ಎಂದು ಗೀಜಗ ಕೂಗಿದ ಹೊತ್ತಿಗೆ ಸರಿಯಾಗಿ ಮಳೆಯಪ್ಪನ ಎಲೆಅಡಿಕೆಯೂ ಮುಗಿಯಿತು. ಅವನು ಗುಡ್ಡದ ಮೇಲಿಂದ ಬಗ್ಗಿ, ಬಾಯಲ್ಲಿದ್ದದ್ದನ್ನು ಪಿಚಕ್ಕನೆ ಉಗಿದ. ಅದು ಬಂದು ಬಿದ್ದದ್ದು ಎಲ್ಲಿಗೆ ಅಂತೀರಿ? ನೇರ ಗಿಡ್ಡಿಯ ಹೊಸ ಕಾಲುಗಳ ಮೇಲೆ. ಹಸುರು ದಂಟುಗಳು ಕೆಂಪೋ ಕೆಂಪು.

"ಛೀ ಅಜ್ಜೀ! ಎಂಜಲು!" ಎಂದು ನಾನು ಪ್ರತಿ ಸಲವೂ ಕಿರುಚುತ್ತಿದ್ದೆ. ಕಿರುಚಲೆಂದೇ ಆ ಜಾಗ ಬರುವುದನ್ನು ಕಾಯುತ್ತಿದ್ದೆ.

"ಮಳೆಯಪ್ಪಂದು ಕಣೇ. ಅವನು ಉಗಿದಿದ್ದನ್ನೇ ಅಲ್ವಾ ಊರೆಲ್ಲ ಕುಡಿಯೋದು?" ಎಂದು ಅಜ್ಜಿ ಕೆಂಪು ಹಲ್ಲು ತೋರಿಸಿ ನಗುತ್ತಿದ್ದಳು.

ಗಿಡ್ಡಿ ಎದ್ದು ನಿಂತಳು. ಅಬ್ಬಾ, ಎಷ್ಟು ಎತ್ತರ! ನೆಲ ದೂರ ಹೋಗಿತ್ತು. ಒಂದು ಹೆಜ್ಜೆ ಇಟ್ಟಳು, ದಬಕ್ಕನೆ ಬಿದ್ದಳು. ನೋಡಿದರೆ ಗಂಟು ಬಿದ್ದ ಕಡೆ ಮೊಣಕಾಲು ಮುಂದಕ್ಕೆ ಮಡಚುವ ಬದಲು ಹಿಂದಕ್ಕೆ ಮಡಚುತ್ತಿದೆ! ತಲೆಕೆಳಗಾಗಿ ತೂಗುತ್ತಿದ್ದ ಗೀಜಗ, ಹಿಂದು ಯಾವುದು ಮುಂದು ಯಾವುದು ತಿಳಿಯದೆ, ಉಲ್ಟಾ ಕಟ್ಟಿಬಿಟ್ಟಿದ್ದ.

ಬಾತುಕೋಳಿ ನಕ್ಕಿತು, ಕಪ್ಪೆಗಳು ಬಿದ್ದು ಬಿದ್ದು ನಕ್ಕವು. ಗೀಜಗನ ಮುಖ ಮಾತ್ರ ಸಣ್ಣದಾಯಿತು. "ಬಿಚ್ಚಿ ಸರಿಯಾಗಿ ಕಟ್ತೀನಿ ತಂಗಿ, ಒಂದ್ನಿಮಿಷ..." ಎನ್ನುವಷ್ಟರಲ್ಲಿ ಟಪ್ಪೆಂದು ಹನಿ ಬಿತ್ತು. ಮಳೆಯಪ್ಪ ಎದ್ದು ಮತ್ತೆ ಕೊಡ ಹಿಡಿದಿದ್ದ.

ದೂರದಿಂದ ಗಿಡ್ಡ ಕೂಗಿದ. "ಬೇಗ ಬಾರೇ! ನೀರು ಮೊಟ್ಟೆಗೆ ಮುಟ್ತು!"

ಗಿಡ್ಡಿಗೆ ನಗುವವರ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಎದ್ದು ನೀರಿಗಿಳಿದಳು. ಎರಡು ಹೆಜ್ಜೆ, ನಾಲ್ಕು ಹೆಜ್ಜೆ, ಐದನೇ ಹೆಜ್ಜೆ. ನೆಲ ಸಿಕ್ಕಿತು! ಆರು, ಏಳು, ಎಂಟು. ಹೊಟ್ಟೆ ನೀರಿನ ಮೇಲೇ ಇತ್ತು. ಬಗ್ಗಿ ತಳದಿಂದ ಬೇರು ಕಿತ್ತಳು, ಕೆಸರು ತಂದಳು, ಕಲ್ಲು ತಂದಳು. ಗಿಡ್ಡ ಮೊಟ್ಟೆಗಳನ್ನು ಪಕ್ಕಕ್ಕೆ ಉರುಳಿಸಿದ, ಅವಳು ಕೆಳಗೆ ಇಟ್ಟಳು. ನೀರು ಒಂದು ಬೆರಳು ಏರಿದರೆ ಗೂಡು ಎರಡು ಬೆರಳು ಏರಿತು. ನಾಚಿಕೆಯಾಗಿದ್ದ ಬಾತುಕೋಳಿಯೂ ಬಂದು ಮುಳುಗಿ ಮುಳುಗಿ ಬೇರು ತಂದುಕೊಟ್ಟಿತು.

ಗೂಡು ಗೆದ್ದಿತು. ಆದರೆ ಮೊಟ್ಟೆಗಳು ನೆಂದು ತಣ್ಣಗಾಗಿದ್ದವು. ಟಿಕ್ ಟಿಕ್ ಸದ್ದು ನಿಂತಿತ್ತು. ಗಿಡ್ಡನ ಮೈಯೂ ನೆಂದು ಹೆಪ್ಪುಗಟ್ಟಿತ್ತು, ಕಾವು ಕೊಡಲು ಅವನಿಂದಾಗದು. ಗಿಡ್ಡಿ ಈಗಲೇ ಕೂರಬೇಕು. ಇಷ್ಟುದ್ದ ಕಾಲಿಟ್ಟುಕೊಂಡು ಕೂರುವುದು ಹೇಗೆ? ಗೀಜಗ ಕಣ್ಣೇ ಮುಚ್ಚಿಕೊಂಡ.

ಗಿಡ್ಡಿ ಮೆಲ್ಲಗೆ ಕಾಲು ಮಡಚಿದಳು. ಮೊಣಕಾಲುಗಳು ಹಿಂದಕ್ಕೆ ಹೋದವು, ಬಾಲದ ಆಚೆಗೆ ಚಾಚಿಕೊಂಡವು. ಅವಳ ಬೆಚ್ಚನೆಯ ಹೊಟ್ಟೆ ನೇರವಾಗಿ ಇಳಿದು ನಾಲ್ಕೂ ಮೊಟ್ಟೆಗಳ ಮೇಲೆ ಕೂತಿತು. ಒಂದಕ್ಕೂ ಗೀರು ಬೀಳಲಿಲ್ಲ. ನಮ್ಮ ಹಾಗೆ ಮುಂದಕ್ಕೆ ಮಡಚುವ ಮೊಣಕಾಲಾಗಿದ್ದರೆ ಮಂಡಿ ಬಡಿದು ಮೊಟ್ಟೆಗಳೆಲ್ಲ ಒಡೆದೇ ಹೋಗುತ್ತಿದ್ದವು.

ಗಿಡ್ಡ ಬಾಗಿ ಕಿವಿಯಿಟ್ಟ. ಆಮೇಲೆ ಗಿಡ್ಡಿಯ ಹೊಟ್ಟೆಯ ಕೆಳಗಿನಿಂದ ಸಣ್ಣಗೆ ಕೇಳಿಸಿತು. ಟಿಕ್. ಟಿಕ್ ಟಿಕ್.

ಗಿಡ್ಡಿ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ ಮಾಡಿದಳು.

"ತಂಗಿ, ಮಳೆ ನಿಂತ ಮೇಲೆ ಕಾಲು ಸರಿ ಮಾಡಿಕೊಡ್ಲಾ?" ಎಂದು ಗೀಜಗ ಅಳುಕುತ್ತಾ ಕೇಳಿದ.

"ಮುಟ್ಟಿದ್ರೆ ನೋಡು!" ಎಂದಳು ಗಿಡ್ಡಿ. "ಇದು ಹಿಂಗೇ ಇರ್ಲಿ. ಇವರಿಗೂ ಒಂದು ಜೊತೆ ಕಟ್ಟು, ಹಿಂಗೇ ಉಲ್ಟಾ ಕಟ್ಟು."

ಮಳೆಯಪ್ಪ ಎರಡನೇ ಸಲ ಸಂಚಿ ಬಿಚ್ಚಿದಾಗ ನೈದಿಲೆ ಕೊಟ್ಟ ಇನ್ನೆರಡು ದಂಟಿನಿಂದ ಗಿಡ್ಡನಿಗೂ ಕಾಲು ಬಂತು. ಪಿಚಕ್ಕನೆ ಬಣ್ಣವೂ ಬಿತ್ತು. ಅಂದು ಸಂಜೆಗೆ ಕೆರೆಯಮ್ಮ ಈ ಗುಡ್ಡದಿಂದ ಆ ಗುಡ್ಡಕ್ಕೆ ತುಂಬಿ ನಿಂತಳು, ಕೋಡಿ ಹರಿಯಿತು, ಆಕಾಶ ಬಂದು ಅವಳ ಮಡಿಲಲ್ಲಿ ಮುಖ ನೋಡಿಕೊಂಡಿತು. ಮೂರನೇ ದಿನ ನಾಲ್ಕು ಮರಿಗಳು ಚಿಪ್ಪು ಒಡೆದು ಹೊರಬಂದವು. ಮೈ ಹಿಡಿಯಷ್ಟು, ಕಾಲು ಗೇಣುದ್ದ, ಹುಟ್ಟುತ್ತಲೇ ನಡುವೆ ಒಂದೊಂದು ಗಂಟು.

"ಇನ್ನು ಇವಳನ್ನ ಗಿಡ್ಡಿ ಅನ್ನಂಗಿಲ್ಲ," ಎಂದಳು ಕೆರೆಯಮ್ಮ. "ಕಟ್ಟಿದ ಕಾಲು ಮೆಟ್ಟಿ ನಡೀತಾಳಲ್ಲ, ಮೆಟ್ಟುಗಾಲು ಹಕ್ಕಿ ಅನ್ನಿ." ಗೀಜಗನಂತೂ ಅಂದಿನಿಂದ, ಉಲ್ಟಾ ಕಟ್ಟಿದ್ದು ಬೇಕೆಂದೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ಅಷ್ಟೊಂದು ಹರಟುವುದು ಅದಕ್ಕೇ.

ಕತೆ ಮುಗಿಯುವ ಹೊತ್ತಿಗೆ ಅಜ್ಜಿಯ ಬಾಯಿಯೂ ಬರಿದಾಗಿರುತ್ತಿತ್ತು. ಮಳೆಗಾಲದಲ್ಲಿ ಧೋ ಎಂದು ಸುರಿಯುತ್ತಿದ್ದ ಮಳೆ ನಡುವೆ ತಟ್ಟನೆ ನಿಂತರೆ, ಅವಳು ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದು, "ಮಳೆಯಪ್ಪ ಸಂಚಿ ಬಿಚ್ಚಿದ! ಬಾರೇ, ನೋಡ್ಕೊಂಡು ಬರೋಣ!" ಎಂದು ನನ್ನ ಕೈ ಹಿಡಿದು ಕೆರೆಗೆ ಓಡುತ್ತಿದ್ದಳು. ಹಕ್ಕಿ ಕೂತಿದ್ದ ಕಡೆಯ ಜೊಂಡನ್ನು ಮರಿ ಆಗುವವರೆಗೂ ಅವಳು ಮುಟ್ಟುತ್ತಿರಲಿಲ್ಲ.

ನೀವೂ ಮಳೆ ಬಿಡುವು ಕೊಟ್ಟಾಗ ಕೆರೆಯ ದಡಕ್ಕೆ ಹೋಗಿ ನೋಡಿ. ಕೆಂಪು ಕಾಲಿನ ನಡುವೆ ಗೀಜಗನ ಗಂಟು ಇಟ್ಟುಕೊಂಡ ಮೆಟ್ಟುಗಾಲು ಹಕ್ಕಿ, ಮಳೆಯಪ್ಪನ ಎಲೆಅಡಿಕೆ ಮುಗಿಯುವುದರೊಳಗೆ ಮೊಟ್ಟೆಯ ಕೆಳಗೆ ಇನ್ನೊಂದು ಕಡ್ಡಿ ಇಟ್ಟು, ಮೊಣಕಾಲನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಕೂರುತ್ತಿರುತ್ತದೆ.